ಹೆಸರು ಬಿಟ್ಟು ಕೂಗಿದ ನಾಗಪತಿ ಭಟ್ಟರು

ಶಿರಸಿಯ ಯಲ್ಲಾಪುರ ನಾಕೆಯ ಹತ್ತಿರ ಮದುವೆ, ಉಪನಯನ, ಯಕ್ಷಗಾನದ ಆಟಗಳಿಗೆ ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಸಣ್ಣ ಅಂಗಡಿಯೊಂದಿದೆ. ಅದರ ಯಜಮಾನ ನಾಗಪತಿ ಭಟ್ಟರನ್ನು ಮುಖ ನೋಡಿ ಗುರುತಿಸುವವರಿಗಿಂತ ದನಿ ಕೇಳಿ ಗುರುತಿಸುವವರೇ ಹೆಚ್ಚು. ಬ್ಯಾಂಕಿನಲ್ಲಿ ನಿಂತು ಪಕ್ಕದವರ ಬಳಿ ಪೆನ್ನು ಕೇಳಿದರೂ ಸಾಕು, ಮುಂದೆ ನಿಂತವರು ತಿರುಗಿ, "ಓ, ಮೈಕಿನ ಭಟ್ರು ನೀವೇ ಅಲ್ದಾ?" ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡಾಗ ಭಟ್ಟರಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗನ್ನು ಅವರು ಎಂದೂ ಮುಚ್ಚಿಟ್ಟವರಲ್ಲ.

ಅವರ ಮೂಲ ಭೈರುಂಬೆ ಕಡೆ. ಅಪ್ಪ ತನ್ನ ಪಾಲಿಗೆ ಬಂದ ಜಮೀನನ್ನು ತನ್ನ ಅಣ್ಣನಿಗೆ ಬಿಟ್ಟು ಶಿರಸಿಗೆ ಬಂದು ರೇಡಿಯೋ ರಿಪೇರಿ ಅಂಗಡಿ ಹಾಕಿದ್ದರು. ಆಗ ಅವರು ನಂಬಿದ್ದ ಪಕ್ಷ ಎಂದರೆ ಪೇಟೆಯಲ್ಲಿ ನಗುವ ಕಾಲ. ಚುನಾವಣೆಗೆ ನಿಂತವರಿಗೆ ಠೇವಣಿ ಉಳಿದರೆ ಅದೇ ಜಯ. ಅಪ್ಪ ಮಾತ್ರ ಅಂಗಡಿಯ ಬಾಗಿಲಿಗೆ ಬಾವುಟ ಕಟ್ಟುವುದನ್ನು ಬಿಡಲಿಲ್ಲ. ಯಾಕೆ ಎಂದು ಕೇಳಿದರೆ, "ಗೆದ್ದಾಗ ಬಪ್ಪವು ರಾಶಿ ಜನ ಇರ್ತ. ಸೋತಾಗ ಇಪ್ಪವು ಬೇಕು," ಎನ್ನುತ್ತಿದ್ದರು. ಒಮ್ಮೆ ಬಾಡಿಗೆಗೆ ಹೇಳಿದ್ದ, ಪ್ರಚಾರ ಕೂಗುವವನು ಕೈಕೊಟ್ಟ. ಅಪ್ಪ ಮೈಕನ್ನು ಮಗನ ಕೈಗೆ ಕೊಟ್ಟರು. ಮೀಸೆ ಚಿಗುರುವ ವಯಸ್ಸಿನ ನಾಗಪತಿ ಶಿರಸಿ ಪೇಟೆಯ ಬಿಡ್ಕಿಬೈಲಿನಲ್ಲಿ ನಿಂತು, "ಮಹಾಜನರೇ" ಎಂದು ಕೂಗಿದ್ದೇ ತಡ, ಹೋಟೆಲಿನೊಳಗೆ ಕುಳಿತವರೂ ಚಹದ ಲೋಟ ಹಿಡಿದು ಹೊರಗೆ ಬಂದರು. ಅಂದಿನಿಂದ ಪ್ರತಿ ಚುನಾವಣೆಯಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳಲ್ಲಿ ಅದೇ ದನಿ. ಒಂದು ಸಲವೂ ಅವರು ಸಂಬಳ ಕೇಳಲಿಲ್ಲ.

ಪ್ರಚಾರದ ಜೀಪು ಓಡಿಸುತ್ತಿದ್ದವನು ಚೌಡ. ಸಿದ್ದಾಪುರ ಕಡೆಯ ಗದ್ದೆ ಮನೆಯವನು. ಮಾತು ಕಡಿಮೆ, ಎಲೆಯಡಿಕೆಯ ಕವಳ ಜಾಸ್ತಿ. ಭಟ್ಟರು ಕೂಗುವಾಗ ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೇಳಿಸಿಕೊಳ್ಳದೆ ಅರಿತವನು. ಇಬ್ಬರೂ ಒಟ್ಟಿಗೆ ಮೂರು ತಾಲೂಕಿನ ಧೂಳು ಕುಡಿದು ಸ್ನೇಹಿತರಾಗಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಚುನಾವಣೆಯ ಸಂಜೆ, ಇಬ್ಬರೂ ಜೀಪಿನಲ್ಲಿ ಮಂಚಿಕೇರಿ ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಎರಡು ಕಾರು ನಿಂತಿದ್ದವು. ಎದುರು ಪಕ್ಷದ ದೊಡ್ಡ ಕುಳ, ಗುತ್ತಿಗೆದಾರ ಪರಮೇಶ್ವರಪ್ಪನ ಜನ. ಜೀಪಿನ ಮೇಲೆ ಕಟ್ಟಿದ್ದ ಮೈಕಿನ ಹಾರನ್ನುಗಳನ್ನು ಕಿತ್ತು ಚರಂಡಿಗೆ ಎಸೆದರು. ತಡೆಯಲು ಹೋದ ಚೌಡನ ಎಡ ಮೊಣಕೈಗೆ ಕಬ್ಬಿಣದ ಸಲಾಕೆಯಿಂದ ಹೊಡೆದರು. ಪರಮೇಶ್ವರಪ್ಪ ಕಾರಿನಿಂದಿಳಿದು ಬಾಗಿಲಿಗೆ ಒರಗಿ ನಿಂತು, ಎಲ್ಲ ಮುಗಿಯುವವರೆಗೆ ನೋಡಿದ. ಚೌಡ ದೂರು ಕೊಟ್ಟ. ಮರುದಿನವೇ ಅವನ ಮೇಲೆ ಪ್ರತಿದೂರು ಬಿತ್ತು: ಜನರ ಮೇಲೆ ಜೀಪು ಹಾಯಿಸಿ ಕೊಲ್ಲಲು ಬಂದ ಎಂದು. ಅಂದಿನಿಂದ ಚೌಡನ ಎಡಗೈ ಪೂರ್ತಿ ನೆಟ್ಟಗಾಗಲಿಲ್ಲ. ಯಲ್ಲಾಪುರ ಕೋರ್ಟಿನ ತಾರೀಖುಗಳೂ ಮುಗಿಯಲಿಲ್ಲ.

ಭಟ್ಟರು ಆಮೇಲೆ ಹೋದ ಸಭೆಗಳಲ್ಲೆಲ್ಲ ಆ ಸಂಜೆಯ ಕತೆ ಹೇಳಿದರು. ಪರಮೇಶ್ವರಪ್ಪನ ಹೆಸರನ್ನು ಅವರಷ್ಟು ಗಟ್ಟಿಯಾಗಿ, ಅವರಷ್ಟು ಸಲ ಬೈದವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಹೀಗಿರುವಾಗ ಬೇಸಿಗೆಯಲ್ಲಿ ಚುನಾವಣೆ ಬಂತು. ಒಂದು ಬೆಳಿಗ್ಗೆ ಭಟ್ಟರು ಆಂಪ್ಲಿಫೈಯರ್ ಬಿಚ್ಚಿಕೊಂಡು ಕುಳಿತಿದ್ದಾಗ ಮೊಬೈಲಿಗೆ ಒಂದು ಚಿತ್ರ ಬಂತು. ಪರಮೇಶ್ವರಪ್ಪನ ಹೆಗಲ ಮೇಲೆ ಭಟ್ಟರ ಪಕ್ಷದ ಶಾಲು. ಯಾರೋ ತಮಾಷೆಗೆ ಮಾಡಿದ್ದು ಎಂದುಕೊಂಡು ಭಟ್ಟರು ಅಳಿಸಿಹಾಕಿದರು. ಮಧ್ಯಾಹ್ನದ ಹೊತ್ತಿಗೆ ಪಕ್ಷದ ತಾಲೂಕು ಮುಖಂಡ ವಿನೋದ ಪೇಡೆಯ ಪೊಟ್ಟಣ ಹಿಡಿದುಕೊಂಡು ಬಂದ.

"ಭಟ್ರೆ, ಟಿಕೆಟ್ ಆಯ್ತು. ನಾಳಿದ್ದಿನಿಂದ ಗಾಡಿ ತೆಗೀಬೇಕು."

"ಯಾರಿಗೆ ಆಯ್ತು?"

"ಗೊತ್ತಿಲ್ದೇ ಇದ್ದವ್ರ ಹಾಗೆ ಕೇಳ್ತೀರಲ್ಲ. ಪರಮೇಶ್ವರಪ್ಪನವರಿಗೆ."

ಭಟ್ಟರು ಪೇಡೆ ಮುಟ್ಟಲಿಲ್ಲ. "ಚೌಡನ ಕೈ ಮುರಿಸಿದವನಿಗೆ?"

"ಹಳೇದನ್ನ ಕೆದಕಿದ್ರೆ ರಾಜಕೀಯ ಆಗೂದಿಲ್ಲ. ನಮ್ಮತ್ರ ಇದ್ದವ್ರೆಲ್ಲ ಸತ್ಯವಂತ್ರು, ಗೆಲ್ಲೂದು ಮಾತ್ರ ಗೊತ್ತಿಲ್ಲ. ಅವ್ರು ಬಂದ್ರೆ ಯಲ್ಲಾಪುರ ಕಡೆ ಮತ ಪೂರ್ತಿ ಬರ್ತದೆ. ಮೇಲಿನವ್ರು ಯೋಚ್ನೆ ಮಾಡೇ ಕೊಟ್ಟಿದ್ದು," ಎಂದ ವಿನೋದ. ಎದ್ದು ಹೋಗುವಾಗ, "ಪಕ್ಷ ದೊಡ್ಡದೋ, ವ್ಯಕ್ತಿ ದೊಡ್ಡವನೋ? ನೀವೇ ಮೈಕಿನಲ್ಲಿ ಹೇಳ್ತಿದ್ರಲ್ಲ," ಎಂದು ನಕ್ಕ.

ಅದು ನಿಜ. ಹೇಳುತ್ತಿದ್ದರು. ಅದಕ್ಕೇ ಆ ಮಾತು ಚುಚ್ಚಿತು.

ಆ ಎರಡು ದಿನ ಭಟ್ಟರಿಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಬಿಚ್ಚಿದ ಆಂಪ್ಲಿಫೈಯರ್ ಹಾಗೇ ಉಳಿಯಿತು. ದೇವಿಕೆರೆಯ ಸುತ್ತ ತಿರುಗಿದರು. ಹೊಸ ಮಾರ್ಕೆಟ್ಟಿಗೆ ಹೋಗಿ ಏನು ತರಲು ಬಂದೆ ಎಂಬುದು ಮರೆತು ಬರಿಗೈಯಲ್ಲಿ ಬಂದರು. ಬೇರೆ ಪಕ್ಷಕ್ಕೆ ಮತ ಹಾಕುವ ಯೋಚನೆ ಬಂದರೆ ಜಾತಿ ಕೆಟ್ಟವರ ಹಾಗೆ ಮೈ ಜುಂ ಎನ್ನುತ್ತಿತ್ತು. ಇದೇ ಪಕ್ಷಕ್ಕೆ ಹಾಕುವ ಯೋಚನೆ ಬಂದರೆ ಕಾರಿಗೊರಗಿ ನಿಂತ ಪರಮೇಶ್ವರಪ್ಪ ಕಣ್ಣ ಮುಂದೆ ಬರುತ್ತಿದ್ದ.

ಹೆಂಡತಿ ಲಕ್ಷ್ಮೀ ಮಾವಿನಕಾಯಿಯ ಅಪ್ಪೆಹುಳಿ ಬಡಿಸಿ ಕಾದು ಕಾದು ಕೇಳಿದರು. "ಎಂತ ಆತು ನಿಂಗಕ್ಕೆ? ಅನ್ನ ಹಾಗೇ ಇದ್ದಲಿ."

"ಇಷ್ಟು ವರ್ಷ ನಮ್ಮನೆ ಮತ ಒಂದೇ ಕಡೆ ಬಿದ್ದಿದ್ದು. ಈ ಸಲ ಎಂತ ಮಾಡವು ಹೇಳಿ ತಿಳೀತಿಲ್ಲೆ."

"ನಮ್ಮನೆದಾ?" ಲಕ್ಷ್ಮೀ ಸೌಟನ್ನು ಕೆಳಗಿಟ್ಟರು. "ಆನೂ ಅಲ್ಲಿಗೇ ಹಾಕ್ತೆ ಹೇಳಿ ನಿಂಗಕ್ಕೆ ಯಾರು ಹೇಳಿದ್ದು?"

ಭಟ್ಟರ ಕೈಯಲ್ಲಿದ್ದ ತುತ್ತು ಬಾಳೆಗೆ ಬಿತ್ತು.

"ಹೋದ ಸಲ ಹಾಕಿದ್ನಿಲ್ಲೆ. ಅದರ ಹಿಂದಿನ ಸಲನೂ ಹಾಕಿದ್ನಿಲ್ಲೆ. ಅಕ್ಕನ್ನ ಹುಬ್ಬಳ್ಳಿ ಆಸ್ಪತ್ರೆಗೆ ಒಯ್ಯಕ್ಕಾದ್ರೆ ದಾರಿಯಲ್ಲೇ ತೀರಿಹೋತು. ದೊಡ್ಡಾಸ್ಪತ್ರೆ ಇಲ್ಲೇ ಮಾಡ್ತ್ಯ ಹೇಳಿ ಆನು ನಿಂಗಳ ಮೈಕಿನಲ್ಲೇ ಕೇಳಿದ್ದಿ."

"ಇಷ್ಟು ದಿನ ಎಂತಕ್ಕೆ ಹೇಳಿದ್ದಿಲ್ಲೆ?"

"ನಿಂಗ ಕೇಳಿದ್ರಿಲ್ಲೆ," ಎಂದು ಲಕ್ಷ್ಮೀ ಮಜ್ಜಿಗೆ ತರಲು ಒಳಗೆ ಹೋದರು.

ಮೂರು ತಾಲೂಕಿನ ಜನರನ್ನು ಒಲಿಸಿದೆ ಎಂದುಕೊಂಡವರ ಮನೆಯಲ್ಲೇ ಒಂದು ಮತ ಕೈ ತಪ್ಪಿತ್ತು. ಭಟ್ಟರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದರ ಬದಲು ಹೆಂಡತಿಯ ಮೇಲೆ ಒಂದು ತರಹದ ಹೊಟ್ಟೆಕಿಚ್ಚು ಹುಟ್ಟಿತು. ಅವಳು ತನ್ನ ಪಾಡಿಗೆ ತೀರ್ಮಾನ ಮಾಡಿ, ನೆಮ್ಮದಿಯಾಗಿ ಉಂಡು ಮಲಗುತ್ತಿದ್ದಾಳಲ್ಲ ಎಂದು.

ಮರುದಿನ ಸಿದ್ದಾಪುರದ ಬಸ್ಸು ಹತ್ತಿ ಚೌಡನ ಮನೆಗೆ ಹೋದರು. ಚೌಡ ಅಂಗಳದಲ್ಲಿ ಜೀಪಿನ ಟೈರಿಗೆ ಗಾಳಿ ನೋಡುತ್ತಿದ್ದ. ತಾನು ಕೂಗುವುದಿಲ್ಲ ಎಂದರೆ ಅವನಿಗೆ ಸಂತೋಷವಾದೀತು ಎಂದು ಭಟ್ಟರು ಎಣಿಸಿದ್ದರು. ಆದರೆ ಚೌಡ, "ಹೋಗಾಣ ಭಟ್ರೆ," ಎಂದ.

"ಏನು ಹೇಳ್ತಿದ್ಯಾ ನೀನು? ಪೆಟ್ಟು ತಿಂದವನು ನೀನೇ ಅಲ್ವಾ?"

"ತಿಂದಿದ್ದು ಹೌದು. ಆದ್ರೆ ಪಕ್ಷ ಅಂದ್ರೆ ಅವ್ರೊಬ್ರೇ ಅಲ್ವಲ್ರಾ. ಊರಲ್ಲಿ ಎಲ್ರೂ ನನ್ನನ್ನ 'ಪಕ್ಷದ ಚೌಡ' ಅಂತ್ಲೇ ಕರೆಯೂದು. ಈಗ ಬಿಟ್ರೆ ಯಾವ ಚೌಡ ಆಗ್ಲಿ ನಾನು?" ಅವನು ಕೈ ಒರೆಸಿಕೊಂಡ. "ಅವ್ರೂ ಈಗ ನಮ್ಮವ್ರೇ. ಎದುರು ಸಿಕ್ದಾಗ 'ತಪ್ಪಾಯ್ತು ಚೌಡ' ಅಂತ ಒಂದ್ ಮಾತು ಅಂದ್ರೆ ಮುಗೀತು. ಖಂಡಿತ ಅಂತಾರೆ."

ಚೌಡನೇ ಹೀಗೆಂದ ಮೇಲೆ ಭಟ್ಟರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಜೀಪಿಗೆ ಹಾರನ್ನು ಕಟ್ಟಿದರು. ಸಿದ್ದಾಪುರದ ಪೇಟೆಯಲ್ಲಿ ಮೈಕ್ ಕೈಗೆ ಬಂತು. "ಮಹಾಜನರೇ" ಎಂದರು. ಪಕ್ಷದ ಹೆಸರು ಹೇಳಿದರು, ಚಿಹ್ನೆ ಹೇಳಿದರು. "ನಮ್ಮ ಪಕ್ಷದ ಅಭ್ಯರ್ಥಿಯಾದ ಶ್ರೀ" ಎಂದರು. ಅಲ್ಲಿಗೆ ಮಾತು ನಿಂತಿತು. ಒಂದು ಕೆಮ್ಮು ಕೆಮ್ಮಿ, "ಅಭ್ಯರ್ಥಿಗೆ ನಿಮ್ಮ ಅಮೂಲ್ಯವಾದ ಮತ" ಎಂದು ಮುಂದೆ ಹೋದರು. ಚೌಡ ಕನ್ನಡಿಯಲ್ಲಿ ಅವರನ್ನು ನೋಡಿದ.

ಶಿರಸಿಯಲ್ಲೂ ಹಾಗೇ ಆಯಿತು. ಭೈರುಂಬೆಯಲ್ಲೂ ಹಾಗೇ. ಕಟ್ಟೆಯ ಮೇಲೆ ಕುಳಿತ ಹಳೆಯ ಪರಿಚಯದವರೊಬ್ಬರು, "ನಾಗಪತಿ, ಅಭ್ಯರ್ಥಿ ಯಾರೋ? ಹೆಸರೇ ಹೇಳಿದ್ದಿಲ್ಲೆ?" ಎಂದು ಕೂಗಿ ಕೇಳಿದರು. ಸುತ್ತಲಿನವರು ನಕ್ಕರು. ಭಟ್ಟರು ಚೌಡನ ಹೆಗಲು ತಟ್ಟಿ, "ಹೊಡಿ ಮುಂದೆ," ಎಂದರು. ಒಂದೇ ಒಂದು ಹೆಸರು. ಹೇಳಿದರೆ ಅದು ತಮ್ಮ ನಾಲಿಗೆಗೆ ಅಂಟಿಕೊಂಡೀತು ಎಂಬ ಭಯ. ಹೇಳದಿದ್ದರೆ ಕೆಲಸ ಅರ್ಧ ಮಾಡಿದ ಅಪರಾಧ. ಜೀಪು ಘಟ್ಟದ ಕಾಡಿನ ನಡುವೆ ಓಡುತ್ತಿದ್ದಷ್ಟು ಹೊತ್ತೂ ಅವರು ಮೈಕಿನ ಗುಂಡಿಯನ್ನು ಹಾಕುತ್ತ, ಆರಿಸುತ್ತ ಕುಳಿತಿದ್ದರು.

ಯಲ್ಲಾಪುರದ ಗಾಂಧಿ ಚೌಕದಲ್ಲಿ ಪರಮೇಶ್ವರಪ್ಪ ಸಿಕ್ಕ. ಬಿಳಿ ಅಂಗಿ, ಕೊರಳಲ್ಲಿ ಹಾರ, ಸುತ್ತ ಜನ. ವಿನೋದ ಕೈಬೀಸಿ ಜೀಪು ನಿಲ್ಲಿಸಿದ. ಪರಮೇಶ್ವರಪ್ಪ ಕೈ ಮುಗಿಯುತ್ತಲೇ ಬಂದ.

"ಭಟ್ರೆ, ನಿಮ್ಮ ದನಿ ಅಂದ್ರೆ ದನಿ. ನನ್ನ ಬೈದಿದ್ದನ್ನೂ ಕೇಳೀನ್ರಿ. ಆಗ್ಲೂ ಖುಷಿಯಾಗೇ ಕೇಳೀನಿ," ಎಂದು ಗಟ್ಟಿಯಾಗಿ ನಕ್ಕ. ಸುತ್ತಲಿನವರೂ ನಕ್ಕರು.

ಚೌಡ ಸೀಟಿನಿಂದ ಇಳಿದು ನಿಂತಿದ್ದ. ಅಂಗಿಯ ಗುಂಡಿ ಸರಿಮಾಡಿಕೊಂಡಿದ್ದ. ಎಡಗೈ ಎಂದಿನಂತೆ ಅರ್ಧ ಮಡಚಿಕೊಂಡೇ ಇತ್ತು. ಪರಮೇಶ್ವರಪ್ಪ ಅವನ ಕಡೆಗೂ ತಿರುಗಿ ಕೈ ಮುಗಿದ. ಚೌಡನ ಮುಖ ಅರಳಿತು.

"ಡ್ರೈವರ್ ಸಾಹೇಬ್ರು ಯಾವೂರಿನವ್ರು? ಹೆಸರೇನು?" ಎಂದ ಪರಮೇಶ್ವರಪ್ಪ.

ಅವನಲ್ಲಿ ನಾಟಕವಿರಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಚೌಡ, "ಚೌಡ. ಸಿದ್ದಾಪುರ," ಎಂದ. "ಛಲೋ ಆತು, ಹುಷಾರಾಗಿ ಹೊಡೀರಿ," ಎಂದು ಅವನ ಬೆನ್ನು ತಟ್ಟಿ ಪರಮೇಶ್ವರಪ್ಪ ಮುಂದಿನ ಅಂಗಡಿಗೆ ಹೋದ.

ಚೌಡ ಜೀಪು ಹತ್ತಿದ. ಗಾಡಿಯನ್ನು ಶಿರಸಿಯ ಕಡೆಗೆ ತಿರುಗಿಸಿದ. ಇನ್ನೂ ರವೀಂದ್ರನಗರದ ಪ್ರಚಾರ ಬಾಕಿ ಇದೆ ಎಂದು ವಿನೋದ ಹಿಂದಿನಿಂದ ಕೂಗುತ್ತಿದ್ದ. ಊರು ದಾಟಿದ ಮೇಲೆ ಚೌಡ ಹೇಳಿದ.

"ಸಿಟ್ಟು ಇಟ್ಕಂಡಿದ್ರೆ ತಡ್ಕಬಹುದಿತ್ತು ಭಟ್ರೆ. ಅವ್ರಿಗೆ ನೆನಪೇ ಇಲ್ಲ. ನಾನು ಇಲ್ಲಿವರೆಗೆ ತಾರೀಖಿಗೆ ತಿರುಗಿದ್ದು ಯಾರ ಮೇಲೆ ಹಾಗಾದ್ರೆ?"

ಶಿರಸಿ ಮುಟ್ಟಿದ ಕೂಡಲೇ ಇಬ್ಬರೂ ಸೇರಿ ಹಾರನ್ನು ಬಿಚ್ಚಿದರು. ವಿನೋದನಿಗೆ ಫೋನು ಮಾಡಿ, ಇನ್ನು ನಮ್ಮಿಂದ ಆಗುವುದಿಲ್ಲ ಎಂದು ಹೇಳಿದರು.

ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಎದುರು ಪಕ್ಷದವರೊಬ್ಬರು ಅಂಗಡಿಗೆ ಬಂದು, "ನಿಮ್ಮಂಥವ್ರು ನಮ್ಮ ಕಡೆ ಇರಬೇಕು ಭಟ್ರೆ. ಗೂಂಡಾಗಿರಿ ವಿರುದ್ಧ ನಾಲ್ಕು ಮಾತು ಹೇಳಿ, ಸಾಕು," ಎಂದರು. ಭಟ್ಟರು ಅವರಿಗೆ ಕುರ್ಚಿ ಕೊಟ್ಟರು, ಕೋಕಂ ಪಾನಕ ತರಿಸಿದರು. ಆಮೇಲೆ ಕೇಳಿದರು: "ಚೌಡನಿಗೆ ಹೊಡೆಸಿದಾಗ ಪರಮೇಶ್ವರಪ್ಪ ಯಾವ ಪಕ್ಷದಲ್ಲಿದ್ದ?"

ಬಂದವರು ಲೋಟ ಕೆಳಗಿಟ್ಟರು.

"ನಿಮ್ಮಲ್ಲೇ ಇದ್ದ. ಆಗ ನೀವೆಲ್ಲ ಅವನ ಹಿಂದೆ ನಿಂತಿದ್ರಿ. ಈಗ ನಮ್ಮವರು ನಿಂತಿದ್ದಾರೆ. ನಾನು ಅಲ್ಲಿಂದ ಇಲ್ಲಿಗೆ ಬಂದು ಏನು ಮಾಡ್ಲಿ?"

ಅಲ್ಲಿಗೆ ಮುಗಿಯಿತು ಎಂದು ಭಟ್ಟರು ತಿಳಿದಿದ್ದರು. ಪ್ರಚಾರದ ಕೊನೆಯ ದಿನಗಳಲ್ಲಿ ಸಿದ್ದಾಪುರದಲ್ಲೊಂದು ಉಪನಯನಕ್ಕೆ ಮೈಕ್ ಕಟ್ಟಲು ಹೋಗಿದ್ದರು. ಚೌಡನ ಜೀಪಿನಲ್ಲೇ ಸಾಮಾನು. ಪೇಟೆಯಲ್ಲಿ ನಿಂತು ವೈರು ಕೊಳ್ಳುತ್ತಿದ್ದಾಗ ದೂರದಿಂದ ಒಂದು ದನಿ ಬಂತು.

"ಮಹಾಜನರೇ."

ಅದು ಅವರದೇ ದನಿ. ಹಿಂದಿನ ಚುನಾವಣೆಯಲ್ಲಿ ಧ್ವನಿಮುದ್ರಿಸಿಕೊಟ್ಟದ್ದು. ಪಕ್ಷದ ಹೆಸರು, ಚಿಹ್ನೆ, "ನಮ್ಮ ಅಭ್ಯರ್ಥಿಯಾದ ಶ್ರೀ" ಎಂಬುದರ ತನಕ ಭಟ್ಟರು. ಆಮೇಲೆ ಬೇರೆ ಯಾವುದೋ ಎಳೆಯ ದನಿಯಲ್ಲಿ "ಪರಮೇಶ್ವರಪ್ಪ". ಮತ್ತೆ ಭಟ್ಟರು: "ಇವರಿಗೆ ನಿಮ್ಮ ಅಮೂಲ್ಯವಾದ ಮತ ನೀಡಿ." ಒಂದು ಗೂಡ್ಸ್ ಟೆಂಪೋ ಅದನ್ನು ಮತ್ತೆ ಮತ್ತೆ ಹೇಳುತ್ತ ನಿಧಾನವಾಗಿ ಬರುತ್ತಿತ್ತು.

ವೈರಿನ ಅಂಗಡಿಯವರು ನಕ್ಕು, "ಕೊನೆಗೂ ಒಪ್ಪಿದ್ರಿ ಭಟ್ರೆ," ಎಂದರು.

ಭಟ್ಟರು ತಟ್ಟನೆ ತಿರುಗಿದರು. ರಸ್ತೆಯ ಆಚೆ ಜೀಪಿನಲ್ಲಿ ಕುಳಿತಿದ್ದ ಚೌಡನನ್ನು ನೋಡಿದರು. ಅವನು ತಲೆ ಬಗ್ಗಿಸಿ ಸ್ಟಿಯರಿಂಗ್ ನೋಡುತ್ತಿದ್ದ. ಭಟ್ಟರು ವೈರನ್ನು ಅಲ್ಲೇ ಬಿಟ್ಟು ರಸ್ತೆಯ ನಡುವೆ ಹೋಗಿ ನಿಂತರು. ಟೆಂಪೋ ನಿಂತಿತು. ಓಡಿಸುತ್ತಿದ್ದವನು ಹಾವೇರಿ ಕಡೆಯಿಂದ ಬಾಡಿಗೆಗೆ ಬಂದಿದ್ದ ಬಸಪ್ಪ ಎಂಬುವವನು.

"ಯಾಕ್ರೀ ಯಜಮಾನ್ರ, ಸಾಯಾಕ ಬಂದೀರೇನು?"

"ಈ ದನಿ ನಂದು. ಮೈಕ್ ಕೊಡು."

ಬಸಪ್ಪ ಅವರ ಮುಖ ನೋಡಿದ, ಮೇಲಿನ ಹಾರನ್ನು ನೋಡಿದ. "ಹೌದಲ್ರೀ, ನೀವ ಅದೀರಿ," ಎಂದ ಬೆರಗಿನಿಂದ. ಪಕ್ಷದವರೇ ಬಂದಿದ್ದಾರೆ ಎಂದುಕೊಂಡು, "ತಗೋರಿ, ಮಾತಾಡ್ರಿ," ಎಂದು ಮೈಕನ್ನು ಕಿಟಕಿಯಿಂದ ಹೊರಗೆ ಕೊಟ್ಟ.

ಏನು ಹೇಳಬೇಕು ಎಂಬ ಸಿದ್ಧತೆ ಭಟ್ಟರಿಗೆ ಇರಲಿಲ್ಲ. ಆದರೂ ಮೈಕಿನ ಗುಂಡಿ ಒತ್ತಿದರು.

"ಮಹಾಜನರೇ, ನಾನು ಶಿರಸಿಯ ನಾಗಪತಿ ಭಟ್ಟ. ಈಗ ನೀವು ಕೇಳಿದ್ದು ನನ್ನ ಹಳೇ ದನಿ. ಅದನ್ನು ಕತ್ತರಿಸಿ ನಡುವೆ ಬೇರೆ ಹೆಸರು ಹಾಕಿದ್ದಾರೆ. ಈ ಅಭ್ಯರ್ಥಿಗೆ ಮತ ಹಾಕಿ ಅಂತ ನಾನು ಹೇಳಿಲ್ಲ. ಹಾಕಬೇಡಿ ಅಂತಲೂ ಹೇಳೂದಿಲ್ಲ. ಇವರ ಜನ ನನ್ನ ಗೆಳೆಯ ಚೌಡನ ಕೈ ಮುರಿದರು. ಅವತ್ತು ಇವರು ನಿಂತು ನೋಡ್ತಿದ್ರು. ಅದು ನಾನು ಕಣ್ಣಾರೆ ಕಂಡದ್ದು. ಅಷ್ಟೇ. ನಿಮ್ಮ ಮತ ನಿಮ್ಮದು."

ಯಾರೋ ಒಬ್ಬರು ಚಪ್ಪಾಳೆ ಹೊಡೆದರು. ಇನ್ಯಾರೋ, "ಎಷ್ಟು ತಗಂಡ್ರಿ ಭಟ್ರೆ?" ಎಂದು ಕೂಗಿದರು. ಎರಡೂ ಕಿವಿಗೆ ಬಿತ್ತು. ಮೈಕನ್ನು ಬಸಪ್ಪನ ಕೈಗೆ ಕೊಟ್ಟು ಭಟ್ಟರು ಜೀಪು ಹತ್ತಿದರು.

ಅಂದೇ ವಿನೋದನ ಫೋನು ಬಂತು. ನಿಮ್ಮನ್ನು ಪಕ್ಷದಿಂದ ತೆಗೆದುಹಾಕಿದ್ದೇವೆ ಎಂದ. ಆಮೇಲೆ ವಿಚಾರಿಸಿದರೆ ಭಟ್ಟರು ಸದಸ್ಯತ್ವವನ್ನೇ ಮಾಡಿಸಿರಲಿಲ್ಲ. ಅಪ್ಪನ ಕಾಲದಿಂದ ಇದ್ದವರಿಗೆ ಅದೆಲ್ಲ ಯಾಕೆ ಎಂದು ಅವರೂ ಕೇಳಿರಲಿಲ್ಲ, ಪಕ್ಷದವರೂ ಕೇಳಿರಲಿಲ್ಲ. ಕೆಲವು ಮದುವೆ ಮನೆಯವರು ಬೇರೆ ಮೈಕ್ ಸೆಟ್ಟಿಗೆ ಹೇಳಿದರು. ಬೀದಿಯಲ್ಲಿ ನಮಸ್ಕಾರ ಮಾಡುತ್ತಿದ್ದ ಒಂದಿಬ್ಬರು ರಸ್ತೆಯ ಆಚೆ ಬದಿಗೆ ಹೋದರು. ಟೆಂಪೋದ ಧ್ವನಿಮುದ್ರಣ ಮಾತ್ರ ನಿಂತಿತು.

ಮತದಾನದ ದಿನ ಭಟ್ಟರು ಮಿಂದು, ಶುಭ್ರ ಪಂಚೆ ಉಟ್ಟು, ಎಂದಿನಂತೆ ಬೇಗನೇ ಹೋದರು. ಯಂತ್ರದ ಮುಂದೆ ನಿಂತಾಗ ಚಿಹ್ನೆ ಕಣ್ಣಿಗೆ ಬಿತ್ತು. ಅದನ್ನು ಅಂಗಡಿಯ ಬಾಗಿಲಿಗೆ ಕಟ್ಟುತ್ತಿದ್ದ ಅಪ್ಪನ ಮುಖವೂ ನೆನಪಿಗೆ ಬಂತು. ಒಳಗಿದ್ದ ಅಧಿಕಾರಿ, "ಆಯ್ತಾ ಭಟ್ರೆ?" ಎಂದು ಕೇಳುವಷ್ಟು ಹೊತ್ತು ಅಲ್ಲೇ ನಿಂತರು. ಕೊನೆಗೆ, ಇವರಲ್ಲಿ ಯಾರೂ ಬೇಡ ಎಂಬ ಕೆಳಗಿನ ಗುಂಡಿಯನ್ನು ಒತ್ತಿದರು. ಹೊರಗೆ ಬಂದಾಗ ಹಗುರಾಗುತ್ತದೆ ಎಂದುಕೊಂಡಿದ್ದರು. ಆಗಲಿಲ್ಲ. ಹಸಿದು ಪಂಕ್ತಿಯಲ್ಲಿ ಕುಳಿತು, ಉಣ್ಣದೆ ಎದ್ದು ಬಂದಂತಿತ್ತು.

ಸಂಜೆ ಚೌಡ ಅಂಗಡಿಗೆ ಬಂದ. ಬೆರಳಿನ ಶಾಯಿ ತೋರಿಸಿದ.

"ಯಾರಿಗೆ ಹಾಕ್ದೆ?" ಎಂದು ಭಟ್ಟರು ಕೇಳಿದರು. ಕೇಳಬಾರದಿತ್ತು.

ಚೌಡ ಕವಳ ಉಗುಳಿ ಬಂದು ಕುಳಿತ. "ಬೇರೇದಕ್ಕೇ ಅಂತ ಹೋಗಿದ್ದೆ ಭಟ್ರೆ. ಚಿಹ್ನೆ ಕಂಡ್ತು. ಬೆರಳು ತಂತಾನೇ ಹೋಯ್ತು."

"ಚೌಡಾ!"

"ಹೌದು. ಬೈರಿ, ಪರ್ವಾಗಿಲ್ಲ. ಆದ್ರೆ ನಾನು ಹಾಕಿದ್ದು ಅವ್ರಿಗಲ್ಲ. ನಾವು ಇಬ್ರೂ ತಿರುಗಿದ್ವಲ್ಲ ಇಷ್ಟು ವರ್ಷ, ಅದಕ್ಕೆ."

ಭಟ್ಟರಿಗೆ ರೇಗಿತು. ಇವನಿಗಾಗಿ ತಾನು ನಡುರಸ್ತೆಯಲ್ಲಿ ನಿಂತೆ, ಊರ ಬಾಯಿಗೆ ಬಿದ್ದೆ. ಇವನು ಹೋಗಿ ಅಲ್ಲಿಗೇ ಒತ್ತಿ ಬಂದ. ಕೆಲವು ದಿನ ಅವನೊಡನೆ ಮಾತು ಬಿಟ್ಟರು. ಪರಮೇಶ್ವರಪ್ಪ ಭಾರಿ ಅಂತರದಿಂದ ಗೆದ್ದ. ಸಿದ್ದಾಪುರದ ಆ ಮಾತುಗಳಿಂದ ಒಂದು ಮತವೂ ಕಡಿಮೆಯಾದಂತೆ ಕಾಣಲಿಲ್ಲ. ಮೆರವಣಿಗೆ ಅಂಗಡಿಯ ಮುಂದೆ ಹೋದಾಗ ಭಟ್ಟರು ಒಳಗೆ ಕುಳಿತು ಸ್ಪೀಕರಿನ ತಂತಿ ಬೆಸೆಯುತ್ತಿದ್ದರು. ಎರಡು ಸಲ ಕೈ ಸುಟ್ಟುಕೊಂಡರು.

ಆಮೇಲೆ ಯಲ್ಲಾಪುರ ಕೋರ್ಟಿನ ತಾರೀಖು ಬಂತು. ಗೆದ್ದವರ ಕಡೆಯಿಂದ ರಾಜಿಗೆ ಹೇಳಿ ಕಳಿಸಿದರು: ಎರಡೂ ದೂರು ಹಿಂದಕ್ಕೆ ತೆಗೆದುಕೊಂಡು ಮುಗಿಸೋಣ ಎಂದು. ಚೌಡ ಒಪ್ಪುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರು. ಅವನು, "ಅವ್ರೇ ಬರ್ಲಿ. ಬಂದು ನನ್ನ ಗುರುತು ಹಿಡೀಲಿ. ಆಮೇಲೆ ನೋಡಾಣ," ಎಂದ. ಪರಮೇಶ್ವರಪ್ಪ ಬರಲಿಲ್ಲ. ಕೇಸು ಮುಂದುವರಿಯಿತು. ಚೌಡ ಶಿರಸಿಗೆ ಬಂದು ಅಂಗಡಿಯ ಹೊರಗೆ ನಿಂತು ಕೇಳಿದ: "ಸಾಕ್ಷಿಗೆ ಬರ್ತ್ರ ಭಟ್ರೆ?"

ಭಟ್ಟರು ಅಂಗಡಿಯ ಬಾಗಿಲು ಹಾಕಿ ಜೀಪು ಹತ್ತಿದರು.

ಕಟಕಟೆಯಲ್ಲಿ ಎದುರಿನ ವಕೀಲರು ಕೇಳಿದರು: "ಭಟ್ರೆ, ನಿಮ್ಮದು ಯಾವ ಪಕ್ಷ?"

ಭಟ್ಟರು ತಮ್ಮ ಅಪ್ಪನ ಪಕ್ಷದ ಹೆಸರನ್ನೇ ಹೇಳಿದರು.

"ಅಂದ್ರೆ ನಿಮ್ಮದೇ ಪಕ್ಷದ ನಾಯಕರ ವಿರುದ್ಧ ಸಾಕ್ಷಿ ಹೇಳ್ತಿದ್ದೀರಿ?"

"ಹೌದು," ಎಂದರು ಭಟ್ಟರು.

ಕಂಡದ್ದನ್ನು ಕಂಡ ಹಾಗೆ ಹೇಳಿ ಇಳಿದರು. ನ್ಯಾಯಾಧೀಶರು ಮುಂದಿನ ತಾರೀಖು ಕೊಟ್ಟರು. ಹೊರಗೆ ಬಿಸಿಲು ಕಾಯುತ್ತಿತ್ತು. ಚೌಡ ಚಹ ಕುಡಿಯೋಣ ಎಂದ. ಅವನ ಮತದ ಮೇಲಿನ ಸಿಟ್ಟು ಇನ್ನೂ ಪೂರ್ತಿ ಆರದ ಭಟ್ಟರು ಬೇಡ ಎಂದು ಜೀಪಿನವರೆಗೆ ಹೋಗಿ, ಮತ್ತೆ ಹಿಂದೆ ಬಂದು, ಕುಡಿಯೋಣ ಎಂದರು.